ಅಮೆರಿಕನ್ ಎಕ್ಸ್‌ಪ್ರೆಸ್ ಗೋಲ್ಡ್ ಕಾರ್ಡ್: ಲಿಮಿಟ್ ಬರೆಯದ ಕಾರ್ಡೂ ಕ್ರೆಡಿಟ್ ಸ್ಕೋರಿನ ಲೆಕ್ಕವೂ

ಟೆಕ್ಸಸ್ ರಾಜ್ಯದ ಡಲ್ಲಾಸ್ ಸಮೀಪದಲ್ಲಿ ನೆಲೆಸಿರುವ ನಾನು ಅಮೆರಿಕನ್ ಎಕ್ಸ್‌ಪ್ರೆಸ್ ಸಂಸ್ಥೆಯ ಗೋಲ್ಡ್ ಕಾರ್ಡನ್ನು ಕೆಲವು ವರ್ಷಗಳಿಂದ ಮನೆಖರ್ಚಿಗೆ ಬಳಸುತ್ತಿದ್ದೇನೆ. ಈ ಕಾರ್ಡಿನ ಪಾಯಿಂಟುಗಳ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ಆದರೆ ಇಲ್ಲಿಗೆ ಹೊಸದಾಗಿ ಬಂದ ಕನ್ನಡಿಗ ಗೆಳೆಯರು ಊಟಕ್ಕೆ ಕುಳಿತಾಗ ನನ್ನನ್ನು ಕೇಳುವ ಪ್ರಶ್ನೆ ಪಾಯಿಂಟಿನದಲ್ಲ. ಲಿಮಿಟ್ಟೇ ಇಲ್ಲದ ಕಾರ್ಡು, ಸಾಲ ತೀರಿಸುವುದರಲ್ಲಿ ನಾವೆಷ್ಟು ನಂಬಿಕಸ್ಥರೆಂದು ಅಂಕಿಯಲ್ಲಿ ಹೇಳುವ ಕ್ರೆಡಿಟ್ ಸ್ಕೋರನ್ನು ಏರಿಸುತ್ತದೆಯೋ ಇಳಿಸುತ್ತದೆಯೋ ಎಂಬುದು. ನಾನು ಮನೆ ಸಾಲಕ್ಕೆ ಅರ್ಜಿ ಹಾಕಿದಾಗ ಈ ಪ್ರಶ್ನೆಗೆ ಉತ್ತರವನ್ನು ಸ್ವಲ್ಪ ಕಷ್ಟಪಟ್ಟೇ ಕಲಿತೆನಾದ್ದರಿಂದ, ಈ ವಿಮರ್ಶೆಯ ಬಹುಭಾಗವನ್ನು ಅದಕ್ಕೇ ಮೀಸಲಿಡುತ್ತೇನೆ.

ಮೊದಲು ಚಾರ್ಜ್ ಕಾರ್ಡ್ ಎಂದರೇನೆಂಬುದನ್ನು ತಿಳಿಯಬೇಕು. ನಮ್ಮ ಊರುಗಳಲ್ಲಿ ಶೆಟ್ಟರ ಅಂಗಡಿಯಲ್ಲಿ ತಿಂಗಳ ಲೆಕ್ಕವಿರುತ್ತಿದ್ದುದನ್ನು ನೆನೆಸಿಕೊಂಡರೆ ಅರ್ಧ ಅರ್ಥವಾದಂತೆಯೇ ಸರಿ. ಅಕ್ಕಿ, ಬೇಳೆ, ಎಣ್ಣೆ ಎಲ್ಲವನ್ನೂ ಉದ್ರಿ ಪುಸ್ತಕದಲ್ಲಿ ಬರೆಸಿ, ಸಂಬಳ ಬಂದ ದಿನ ಪೂರ್ತಿ ಚುಕ್ತಾ ಮಾಡಬೇಕಿತ್ತು. ಇಷ್ಟು ರೂಪಾಯಿಯವರೆಗೆ ಮಾತ್ರ ಎಂದು ಪುಸ್ತಕದ ಮೇಲೆ ಯಾರೂ ಬರೆಯುತ್ತಿರಲಿಲ್ಲವಾದರೂ, ಯಾವ ಮನೆಗೆ ಎಷ್ಟರವರೆಗೆ ಕೊಡಬಹುದೆಂಬ ಅಂದಾಜು ಶೆಟ್ಟರ ಮನಸ್ಸಿನಲ್ಲಿ ಇದ್ದೇ ಇರುತ್ತಿತ್ತು. 1950ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಡೈನರ್ಸ್ ಕ್ಲಬ್ ಕಾರ್ಡು ಮತ್ತು 1958ರ ಅಕ್ಟೋಬರ್ 1ರಂದು ಅಮೆರಿಕನ್ ಎಕ್ಸ್‌ಪ್ರೆಸ್ ಹೊರತಂದ ಮೊದಲ ಕಾರ್ಡು ಇದೇ ಬಗೆಯವು: ತಿಂಗಳಿಡೀ ಖರ್ಚು ಮಾಡಿ, ಬಿಲ್ಲು ಬಂದಾಗ ಒಂದು ಸೆಂಟೂ ಉಳಿಸದೆ ಕಟ್ಟಬೇಕು. ಗೋಲ್ಡ್ ಕಾರ್ಡು 1966ರಲ್ಲಿ ಬಂದಿತು. ಬಾಕಿಯನ್ನು ಮುಂದಿನ ತಿಂಗಳಿಗೆ ಸಾಗಿಸಲು ಬಿಡುವ ನಿಜವಾದ ಕ್ರೆಡಿಟ್ ಕಾರ್ಡನ್ನು ಈ ಸಂಸ್ಥೆ ಆಪ್ಟಿಮಾ ಎಂಬ ಹೆಸರಿನಲ್ಲಿ ಕೊಡಲು ಆರಂಭಿಸಿದ್ದು 1987ರಲ್ಲಿ.

ಇಂದಿನ ಗೋಲ್ಡ್ ಕಾರ್ಡು ಆ ಹಳೆಯ ಕಾಲದ ಅಪ್ಪಟ ಚಾರ್ಜ್ ಕಾರ್ಡಾಗಿ ಉಳಿದಿಲ್ಲ. ‘ಪೇ ಓವರ್ ಟೈಮ್’ ಎಂಬ ಸೌಲಭ್ಯವನ್ನು ಇದಕ್ಕೆ ಜೋಡಿಸಲಾಗಿದ್ದು, ಅದರಡಿ ಅರ್ಹ ಖರ್ಚುಗಳ ಬಾಕಿಯನ್ನು ಒಂದು ನಿರ್ದಿಷ್ಟ ಮೊತ್ತದವರೆಗೆ ಬಡ್ಡಿಯೊಂದಿಗೆ ಮುಂದೂಡಬಹುದು. ಬಡ್ಡಿಯ ದರವಂತೂ ಸಾಮಾನ್ಯ ಕ್ರೆಡಿಟ್ ಕಾರ್ಡುಗಳಿಗೆ ಏನೂ ಕಡಿಮೆಯಿಲ್ಲ. ಆದ್ದರಿಂದ ಇದನ್ನು ಚಾರ್ಜ್ ಕಾರ್ಡು ಮತ್ತು ಕ್ರೆಡಿಟ್ ಕಾರ್ಡುಗಳ ಮಿಶ್ರತಳಿ ಎಂದು ಕರೆಯುವುದು ಹೆಚ್ಚು ಸರಿ. ಮೊದಲೇ ಗೊತ್ತುಪಡಿಸಿದ ಮಿತಿಯಿಲ್ಲ ಎಂಬ ಮಾತು ಮಾತ್ರ ಹಾಗೆಯೇ ಉಳಿದಿದೆ. ಇದರ ಅರ್ಥ ಎಷ್ಟು ಬೇಕಾದರೂ ಖರ್ಚು ಮಾಡಬಹುದೆಂದಲ್ಲ. ನಿಮ್ಮ ಆದಾಯ, ಹಿಂದಿನ ಪಾವತಿಗಳು, ಖರ್ಚಿನ ಅಭ್ಯಾಸ ಇವುಗಳನ್ನು ನೋಡಿ ಸಂಸ್ಥೆಯು ಪ್ರತಿಯೊಂದು ವಹಿವಾಟನ್ನೂ ಒಪ್ಪುತ್ತದೆ ಇಲ್ಲವೇ ತಳ್ಳಿಹಾಕುತ್ತದೆ. ದೊಡ್ಡ ಖರೀದಿಗೆ ಮುನ್ನ ಇಷ್ಟು ಡಾಲರ್ ನಡೆಯುತ್ತದೆಯೇ ಎಂದು ಆಪ್‌ನಲ್ಲಿಯೇ ಪರೀಕ್ಷಿಸುವ ಅನುಕೂಲವಿದ್ದು, ಶೆಟ್ಟರ ಮನಸ್ಸನ್ನು ಮೊದಲೇ ಓದುವ ಈ ಸೌಲಭ್ಯವನ್ನು ನಾನು ವಿಮಾನದ ಟಿಕೆಟ್ ಕೊಳ್ಳುವ ಮುನ್ನ ತಪ್ಪದೆ ಬಳಸುತ್ತೇನೆ.

ಇನ್ನು ಸ್ಕೋರಿನ ವಿಷಯ. ಅಮೆರಿಕದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಫೈಕೋ ಸ್ಕೋರು 300ರಿಂದ 850ರವರೆಗೆ ಇರುತ್ತದೆ. ಅದರಲ್ಲಿ ಪಾವತಿಯ ಇತಿಹಾಸಕ್ಕೆ ಶೇ. 35, ಬಾಕಿಯಿರುವ ಮೊತ್ತಕ್ಕೆ ಶೇ. 30, ಖಾತೆಗಳ ವಯಸ್ಸಿಗೆ ಶೇ. 15, ಹೊಸ ಸಾಲಗಳಿಗೆ ಶೇ. 10 ಹಾಗೂ ಸಾಲಗಳ ವೈವಿಧ್ಯಕ್ಕೆ ಶೇ. 10ರಷ್ಟು ತೂಕವಿದೆಯೆಂದು ಫೈಕೋ ಸಂಸ್ಥೆಯೇ ಹೇಳುತ್ತದೆ. ನಮ್ಮ ಪ್ರಶ್ನೆ ಹುಟ್ಟುವುದು ಆ ಶೇ. 30ರ ಭಾಗದಲ್ಲಿ. ಕ್ರೆಡಿಟ್ ಕಾರ್ಡುಗಳ ಒಟ್ಟು ಲಿಮಿಟ್ಟಿನಲ್ಲಿ ಎಷ್ಟು ಭಾಗ ಬಾಕಿಯಿದೆ ಎಂಬ ಅನುಪಾತವನ್ನು, ಅಂದರೆ ಯುಟಿಲೈಸೇಶನ್ನನ್ನು, ಅಲ್ಲಿ ಮುಖ್ಯವಾಗಿ ನೋಡುತ್ತಾರೆ. ಐದು ಸಾವಿರ ಡಾಲರ್ ಲಿಮಿಟ್ಟಿನ ಕಾರ್ಡಿನಲ್ಲಿ ಎರಡು ಸಾವಿರ ಬಾಕಿಯಿದ್ದರೆ ಶೇ. 40 ಎಂದು ಮಗುವೂ ಲೆಕ್ಕ ಹಾಕಬಹುದು. ಲಿಮಿಟ್ಟೇ ಇಲ್ಲದ ಕಾರ್ಡಿಗೆ ಭಾಗಿಸುವುದು ಯಾವ ಸಂಖ್ಯೆಯಿಂದ?

ನನ್ನ ಸಾಲ ಮತ್ತು ಕಾರ್ಡುಗಳ ದಾಖಲೆಯಾದ ಕ್ರೆಡಿಟ್ ರಿಪೋರ್ಟನ್ನು ತೆಗೆದು ನೋಡಿದಾಗ ಗೋಲ್ಡ್ ಕಾರ್ಡಿನ ಸಾಲಿನಲ್ಲಿ ಲಿಮಿಟ್ ಎಂಬ ಕಡೆ ಏನನ್ನೂ ಬರೆದಿರಲಿಲ್ಲ. ಖಾತೆಯ ಬಗೆ ಎಂಬಲ್ಲಿ ಮಿಕ್ಕ ಕಾರ್ಡುಗಳಿಗೆ ‘ರಿವಾಲ್ವಿಂಗ್’ (ಬಾಕಿಯನ್ನು ಮುಂದಕ್ಕೆ ಸಾಗಿಸಬಹುದಾದದ್ದು) ಎಂದಿದ್ದರೆ ಇದಕ್ಕೆ ‘ಓಪನ್’ (ತಿಂಗಳಿಗೊಮ್ಮೆ ಪೂರ್ತಿ ಕಟ್ಟಬೇಕಾದದ್ದು) ಎಂದಿತ್ತು. ಜೊತೆಗೆ ಈವರೆಗಿನ ಅತಿ ಹೆಚ್ಚಿನ ಬಾಕಿ ಎಂಬ ಒಂದು ಅಂಕಿಯಿತ್ತು. ಈ ಮೂರು ವಿವರಗಳನ್ನು ನೆನಪಿನಲ್ಲಿಡಿ, ಏಕೆಂದರೆ ಎಲ್ಲ ಗೊಂದಲವೂ ಇವುಗಳಿಂದಲೇ ಹುಟ್ಟುತ್ತದೆ. ಫೈಕೋ ಸ್ಕೋರಿನ ಲೆಕ್ಕದ ಸೂತ್ರ ಆಗಾಗ ಬದಲಾಗುತ್ತದೆ; ಅದರ ಹೊಸ ಆವೃತ್ತಿಗಳು ‘ಓಪನ್’ ಎಂಬ ಪದವನ್ನು ಕಂಡೊಡನೆ ಆ ಖಾತೆಯನ್ನು ಯುಟಿಲೈಸೇಶನ್ ಲೆಕ್ಕದಿಂದ ಹೊರಗಿಡುತ್ತವೆ. ಅಂದರೆ ಗೋಲ್ಡ್ ಕಾರ್ಡಿನಲ್ಲಿ ನೂರು ಡಾಲರ್ ಬಾಕಿಯಿದ್ದರೂ ಆರು ಸಾವಿರ ಬಾಕಿಯಿದ್ದರೂ ಆ ಅನುಪಾತದ ಮಟ್ಟಿಗೆ ಎರಡೂ ಒಂದೇ.

ಇದರಿಂದ ಲಾಭವೂ ಇದೆ, ನಷ್ಟವೂ ಇದೆ. ನನ್ನ ಬಳಿ ಆಗ ಇದ್ದ ಎರಡು ಸಾಮಾನ್ಯ ಕ್ರೆಡಿಟ್ ಕಾರ್ಡುಗಳ ಒಟ್ಟು ಲಿಮಿಟ್ಟು 10,000 ಡಾಲರ್, ಮನೆಯ ತಿಂಗಳ ಖರ್ಚು ಸುಮಾರು 3,000. ಅಷ್ಟನ್ನೂ ಅವುಗಳಲ್ಲೇ ಮಾಡುತ್ತಿದ್ದಾಗ, ಬಿಲ್ಲನ್ನು ತಿಂಗಳು ತಪ್ಪದೆ ಪೂರ್ತಿ ಕಟ್ಟುತ್ತಿದ್ದರೂ, ರಿಪೋರ್ಟಿನಲ್ಲಿ ಶೇ. 30 ಕಾಣುತ್ತಿತ್ತು; ಏಕೆಂದರೆ ಈ ರಿಪೋರ್ಟುಗಳನ್ನು ಇಡುವ ಬ್ಯೂರೋಗಳಿಗೆ ಸಾಮಾನ್ಯವಾಗಿ ಹೋಗುವುದು ಸ್ಟೇಟ್‌ಮೆಂಟ್ ದಿನದ, ಅಂದರೆ ಬಿಲ್ಲು ತಯಾರಾಗುವ ದಿನದ ಬಾಕಿ, ನೀವು ಆಮೇಲೆ ಕಟ್ಟುವ ಹಣವಲ್ಲ. ಗೋಲ್ಡ್ ಕಾರ್ಡು ಬಂದ ಮೇಲೆ ದಿನಸಿ, ಹೋಟೆಲು, ಪ್ರಯಾಣದ 2,400 ಡಾಲರ್ ಅತ್ತ ಸರಿದು, ಹಳೆಯ ಎರಡು ಕಾರ್ಡುಗಳಲ್ಲಿ 600 ಉಳಿಯಿತು, ಅನುಪಾತ ಶೇ. 6ಕ್ಕೆ ಇಳಿಯಿತು. ನಾನು ಒಂದು ಡಾಲರನ್ನೂ ಕಡಿಮೆ ಖರ್ಚು ಮಾಡಿರಲಿಲ್ಲ. ಹೊಸ ಕಾರ್ಡು ನನ್ನ ಸ್ಕೋರನ್ನು ಏರಿಸಿತು ಎಂದು ಹೇಳುವವರು ಬಹುಪಾಲು ಹೇಳುತ್ತಿರುವುದು ಇದನ್ನೇ: ಕಾರ್ಡಿನ ಮಹಿಮೆ ಏನೂ ಇಲ್ಲ, ಖರ್ಚು ಲೆಕ್ಕದ ಕಣ್ಣಿಗೆ ಬೀಳದ ಜಾಗಕ್ಕೆ ಸ್ಥಳಾಂತರವಾಗಿದೆ, ಅಷ್ಟೇ.

ನಷ್ಟವಿರುವುದು ಇನ್ನೊಂದು ಮಗ್ಗುಲಿನಲ್ಲಿ. ಗೋಲ್ಡ್ ಕಾರ್ಡಿನ ಬದಲು ನಾನು 15,000 ಡಾಲರ್ ಲಿಮಿಟ್ಟಿನ ಒಂದು ಸಾಮಾನ್ಯ ಕಾರ್ಡನ್ನು ಪಡೆದಿದ್ದರೆ ನನ್ನ ಒಟ್ಟು ಲಿಮಿಟ್ಟು 25,000ಕ್ಕೆ ಏರುತ್ತಿತ್ತು. ಮುಂದೊಂದು ದಿನ ಆಸ್ಪತ್ರೆಯ 4,000 ಡಾಲರಿನ ಬಿಲ್ಲು ಹಳೆಯ ಕಾರ್ಡಿನ ಮೇಲೆ ಬಿದ್ದಿತೆನ್ನಿ. ಆಗ ಅನುಪಾತ ಶೇ. 16 ಆಗುತ್ತಿತ್ತು. ಗೋಲ್ಡ್ ಕಾರ್ಡು ನನ್ನ ಒಟ್ಟು ಲಿಮಿಟ್ಟಿಗೆ ಸೊನ್ನೆಯನ್ನು ಸೇರಿಸಿದ್ದರಿಂದ ಅದೇ ಬಿಲ್ಲಿಗೆ ಅನುಪಾತ ಶೇ. 40 ಆಗುತ್ತದೆ. ಬೇರೆ ಯಾವ ಕ್ರೆಡಿಟ್ ಕಾರ್ಡೂ ಇಲ್ಲದೆ ಇದೊಂದನ್ನೇ ಇಟ್ಟುಕೊಂಡವರ ಸ್ಥಿತಿ ಇನ್ನೂ ವಿಚಿತ್ರ: ಅವರ ಬಳಿ ಅಳೆಯಲು ಅನುಪಾತವೇ ಇರುವುದಿಲ್ಲ, ರಿವಾಲ್ವಿಂಗ್ ಖಾತೆಯನ್ನು ಹದವಾಗಿ ಬಳಸಿದ್ದಕ್ಕೆ ಸಿಗಬೇಕಾದ ಅಂಕಗಳೂ ಕೈತಪ್ಪಬಹುದು. ಹಾಗಾಗಿ ವಾರ್ಷಿಕ ಶುಲ್ಕವಿಲ್ಲದ ಒಂದು ಸಾಮಾನ್ಯ ಕಾರ್ಡನ್ನು ಮೊದಲು ಪಡೆದು, ಇದನ್ನು ಎರಡನೆಯದಾಗಿಯೋ ಮೂರನೆಯದಾಗಿಯೋ ತೆಗೆದುಕೊಳ್ಳುವುದು ಲೇಸು.

ಇಷ್ಟರವರೆಗೆ ಹೇಳಿದ್ದು ಹೊಸ ಆವೃತ್ತಿಗಳ ಮಾತು. ನನಗೆ ಪೆಟ್ಟು ಬಿದ್ದದ್ದು ಹಳೆಯದರಿಂದ. 2023ರ ಶರತ್ಕಾಲದಲ್ಲಿ ನಾವು ಮನೆ ಕೊಳ್ಳಲು ಹೊರಟಿದ್ದೆವು. ಅದೇ ಸಮಯಕ್ಕೆ ಮೈಸೂರಿನಲ್ಲಿ ತಂಗಿಯ ಮದುವೆ ನಿಶ್ಚಯವಾಗಿ, ನಾಲ್ವರ ಟಿಕೆಟುಗಳನ್ನು ಗೋಲ್ಡ್ ಕಾರ್ಡಿನಲ್ಲಿ ಕೊಂಡಿದ್ದರಿಂದ ಆ ತಿಂಗಳ ಬಿಲ್ಲು 8,200 ಡಾಲರ್ ಆಯಿತು. ಅಲ್ಲಿಯವರೆಗಿನ ಅತಿ ಹೆಚ್ಚಿನ ಬಿಲ್ಲು 4,700 ಇತ್ತು. ಹಣ ಬ್ಯಾಂಕಿನಲ್ಲಿತ್ತಾದ್ದರಿಂದ ನಾನು ಚಿಂತಿಸಲಿಲ್ಲ. ಫೋನಿನಲ್ಲಿ ಕಾಣುವ ಸ್ಕೋರು 802 ಎಂದು ತೋರಿಸುತ್ತಿತ್ತು. ಸಾಲ ಕೊಡುವ ಕಂಪನಿಯವರು ತೆಗೆಸಿದ ಮೂರು ಬ್ಯೂರೋಗಳ ಸ್ಕೋರುಗಳು ಮಾತ್ರ 778, 751 ಮತ್ತು 746 ಆಗಿದ್ದವು. ಮನೆ ಸಾಲಕ್ಕೆ ಮೂರರಲ್ಲಿ ನಡುವಿನದನ್ನು ಪರಿಗಣಿಸುವುದು ಇಲ್ಲಿನ ಪದ್ಧತಿಯಾದ್ದರಿಂದ ನನ್ನದು 751 ಎಂದಾಯಿತು. ಜೊತೆಗೆ ಕೊಟ್ಟ ಕಾರಣಗಳಲ್ಲಿ ಮೊದಲನೆಯದು, ಲಿಮಿಟ್ಟಿಗೆ ಹೋಲಿಸಿದರೆ ನಿಮ್ಮ ಬಾಕಿ ಹೆಚ್ಚಾಗಿದೆ ಎಂಬುದು. ನನ್ನ ಬೇರೆ ಕಾರ್ಡುಗಳಲ್ಲಿ ಶೇ. 5ರಷ್ಟೂ ಬಾಕಿಯಿರಲಿಲ್ಲ.

ಕಾರಣ ಹುಡುಕುತ್ತಾ ಹೋದಾಗ ತಿಳಿದದ್ದಿಷ್ಟು. ಫೋನಿನ ಆಪ್‌ಗಳಲ್ಲಿ ನಾವು ನೋಡುವುದು ಸಾಮಾನ್ಯವಾಗಿ 2009ರಲ್ಲಿ ಬಂದ ಫೈಕೋ 8 ಅಥವಾ ಮೂರು ಬ್ಯೂರೋಗಳು ಸೇರಿ ರೂಪಿಸಿದ ವ್ಯಾಂಟೇಜ್‌ಸ್ಕೋರ್. ಆದರೆ ಸಾಲ ಕೊಟ್ಟ ಕಂಪನಿಗಳಿಂದ ಮನೆ ಸಾಲಗಳನ್ನು ಕೊಳ್ಳುವ ಫ್ಯಾನಿ ಮೇ ಮತ್ತು ಫ್ರೆಡ್ಡಿ ಮ್ಯಾಕ್ ಸಂಸ್ಥೆಗಳಿಗೆ ಮಾರಲಾಗುವ ಮನೆ ಸಾಲಗಳಿಗೆ ಆಗ ಬಳಕೆಯಲ್ಲಿದ್ದವು ಅದಕ್ಕಿಂತಲೂ ಹಳೆಯವು: ಎಕ್ಸ್‌ಪೀರಿಯನ್‌ನಿಂದ ಫೈಕೋ 2, ಟ್ರಾನ್ಸ್‌ಯೂನಿಯನ್‌ನಿಂದ ಫೈಕೋ 4, ಈಕ್ವಿಫ್ಯಾಕ್ಸ್‌ನಿಂದ ಫೈಕೋ 5. ಹಳೆಯ ಆವೃತ್ತಿಗಳಲ್ಲಿ ಕೆಲವು, ಚಾರ್ಜ್ ಕಾರ್ಡಿನ ಖಾಲಿ ಲಿಮಿಟ್ಟಿನ ಜಾಗಕ್ಕೆ ‘ಈವರೆಗಿನ ಅತಿ ಹೆಚ್ಚಿನ ಬಾಕಿ’ಯನ್ನೇ ತಂದು ಕೂರಿಸಿ ಅನುಪಾತವನ್ನು ಲೆಕ್ಕ ಹಾಕುತ್ತವೆ. ನನ್ನ ಆ ತಿಂಗಳ ಬಿಲ್ಲೇ ಅಲ್ಲಿಯವರೆಗಿನ ಅತಿ ಹೆಚ್ಚಿನದಾಗಿದ್ದರಿಂದ 8,200ಕ್ಕೆ 8,200, ಅಂದರೆ ನೂರಕ್ಕೆ ನೂರು. ಲಿಮಿಟ್ಟಿಲ್ಲದ ಕಾರ್ಡು ಆ ಲೆಕ್ಕದ ಮುಂದೆ ಕಂಠಮಟ್ಟ ತುಂಬಿದ ಕಾರ್ಡಾಗಿ ನಿಂತಿತ್ತು. ಶೆಟ್ಟರ ಅಂಗಡಿಯಲ್ಲಿ ಮಗಳ ಮದುವೆಗೆಂದು ಒಂದು ತಿಂಗಳು ಹೆಚ್ಚು ಸಾಮಾನು ತಂದವನನ್ನು ಸಾಲದಲ್ಲಿ ಮುಳುಗಿದವನೆಂದು ಊರು ಭಾವಿಸಿದಂತೆ.

ಆ ಕಂಪನಿಯ ಸಾಲಾಧಿಕಾರಿ ಈ ಕಾರ್ಡನ್ನು ಮುಚ್ಚಿಬಿಡಿ ಎಂದು ಸಲಹೆಯಿತ್ತರು. ಅದು ತಪ್ಪು ಸಲಹೆಯಾಗಿತ್ತು. ಮುಚ್ಚಿದರೆ ಬಾಕಿಯೇನೂ ಆವಿಯಾಗುವುದಿಲ್ಲ. ಇನ್ನೂ ದೊಡ್ಡ ತಪ್ಪೆಂದರೆ, ಅವರು ತಯಾರಿಸಿದ ಮೊದಲ ಕರಡಿನಲ್ಲಿ 8,200 ಡಾಲರನ್ನು ನಾನು ಪ್ರತಿ ತಿಂಗಳೂ ಕಟ್ಟಲೇಬೇಕಾದ ಕಂತೆಂದು ಬರೆದು, ಆದಾಯಕ್ಕೆ ಹೋಲಿಸಿದರೆ ನಿಮಗೆ ಸಾಲದ ಹೊರೆ ಮಿತಿಮೀರಿದೆ ಎಂದು ತೀರ್ಮಾನಿಸಿದ್ದರು. ಕ್ರೆಡಿಟ್ ರಿಪೋರ್ಟಿನಲ್ಲಿ ಈ ಖಾತೆಯ ಅವಧಿ ಒಂದು ತಿಂಗಳೆಂದು ಇದ್ದುದೇ ಈ ಎಡವಟ್ಟಿಗೆ ಕಾರಣ. ಫ್ಯಾನಿ ಮೇ ಸಂಸ್ಥೆಯ ನಿಯಮಾವಳಿಯಲ್ಲಿ ತಿಂಗಳಿಗೊಮ್ಮೆ ಪೂರ್ತಿ ಕಟ್ಟುವ ಮೂವತ್ತು ದಿನಗಳ ಖಾತೆಗಳನ್ನು ಸಾಲ ಮತ್ತು ಆದಾಯದ ಅನುಪಾತಕ್ಕೆ ಸೇರಿಸಬೇಕಾಗಿಲ್ಲವೆಂದು ಸ್ಪಷ್ಟವಾಗಿ ಹೇಳಿದೆ. ಅದರ ಬದಲು ಆ ಬಾಕಿಯನ್ನು ತೀರಿಸುವಷ್ಟು ಹಣ ನಿಮ್ಮ ಕೈಯಲ್ಲಿದೆಯೆಂದು ತೋರಿಸಬೇಕಾಗಬಹುದು. ಈ ಸಾಲುಗಳನ್ನು ನಾನೇ ಹುಡುಕಿ ಕಳುಹಿಸಿದ ಮೇಲೆ ಕರಡು ತಿದ್ದುಪಡಿಯಾಯಿತು. ಗಿರಾಕಿ ನಿಯಮಾವಳಿ ಓದಬೇಕು, ಅಧಿಕಾರಿ ಸಹಿ ಹಾಕಬೇಕು ಎಂಬ ಕೆಲಸದ ಹಂಚಿಕೆ ನನಗೆ ಇಂದಿಗೂ ಸರಿಯೆನಿಸಿಲ್ಲ.

ಸ್ಕೋರಿಗೆ ಮದ್ದು ಸುಲಭವಾಗಿತ್ತು. ಮುಂದಿನ ಸ್ಟೇಟ್‌ಮೆಂಟ್ ತಯಾರಾಗುವ ಮುನ್ನವೇ ಬಾಕಿಯನ್ನೆಲ್ಲ ಕಟ್ಟಿ, ಆ ತಿಂಗಳು ಕಾರ್ಡನ್ನು ಹೆಚ್ಚು ಬಳಸದೆ ಇಟ್ಟಿದ್ದರಿಂದ ಬ್ಯೂರೋಗಳಿಗೆ 310 ಡಾಲರ್ ಮಾತ್ರ ವರದಿಯಾಯಿತು. ಎರಡನೆಯ ಸಲ ತೆಗೆಸಿದಾಗ ನಡುವಿನ ಸ್ಕೋರು 769 ಆಗಿತ್ತು. ಈ ಹದಿನೆಂಟು ಅಂಕಗಳಷ್ಟಕ್ಕೂ ಗೋಲ್ಡ್ ಕಾರ್ಡೊಂದೇ ಕಾರಣವೆಂದು ನಾನು ವಾದಿಸುವುದಿಲ್ಲ. ಆ ತಿಂಗಳಲ್ಲಿ ಇತರ ಕಾರ್ಡುಗಳ ಬಾಕಿಯೂ ತುಸು ಇಳಿದಿತ್ತು. ಆದರೆ 2023ರ ಮೇ 1ರಿಂದ ಜಾರಿಗೆ ಬಂದ, ಸ್ಕೋರಿಗೆ ತಕ್ಕಂತೆ ಬದಲಾಗುವ ಮನೆ ಸಾಲದ ಶುಲ್ಕದ ಪಟ್ಟಿಯಲ್ಲಿ 740, 760, 780 ಎಂದು ಇಪ್ಪತ್ತು ಅಂಕಗಳಿಗೊಂದು ಮೆಟ್ಟಿಲು ಇರುವುದರಿಂದ, 751ರಿಂದ 769ಕ್ಕೆ ಏರಿದ್ದು ನಮಗೆ ಒಂದು ಮೆಟ್ಟಿಲಿನಷ್ಟು ಶುಲ್ಕವನ್ನು ಉಳಿಸಿಕೊಟ್ಟಿತು. ಸ್ವಾರಸ್ಯವೆಂದರೆ, ಆ ದುಬಾರಿ ತಿಂಗಳು ಕಳೆದ ಮೇಲೆ 8,200 ಎಂಬ ಅಂಕಿ ರಿಪೋರ್ಟಿನಲ್ಲಿ ಉಳಿದುಬಿಟ್ಟು, ಅದೇ ಹಳೆಯ ಲೆಕ್ಕದಲ್ಲಿ ನನಗೆ ಲಿಮಿಟ್ಟಿನಂತೆ ನೆರವಾಗುತ್ತಿದೆ: ಈಗ 2,400 ಬಾಕಿಯಿದ್ದರೆ ಶೇ. 30ಕ್ಕೂ ಕಡಿಮೆ. ಮನೆ ಸಾಲಗಳಿಗೆ ಫೈಕೋ 10ಟಿ ಮತ್ತು ವ್ಯಾಂಟೇಜ್‌ಸ್ಕೋರ್ 4.0 ಎಂಬ ಹೊಸ ಸ್ಕೋರುಗಳನ್ನು ತರುವುದಾಗಿ ಫ್ಯಾನಿ ಮೇ ಮತ್ತು ಫ್ರೆಡ್ಡಿ ಮ್ಯಾಕ್‌ಗಳ ಮೇಲ್ವಿಚಾರಣಾ ಸಂಸ್ಥೆಯು 2022ರ ಅಕ್ಟೋಬರಿನಲ್ಲಿ ಪ್ರಕಟಿಸಿದ್ದರೂ, ನಿಮ್ಮ ಸಾಲದ ಕಂಪನಿ ಯಾವ ಆವೃತ್ತಿಯನ್ನು ತೆಗೆಸುತ್ತದೆಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಮಿಕ್ಕ ಅಂಶಗಳಲ್ಲಿ ಈ ಕಾರ್ಡು ಬೇರೆ ಯಾವುದೇ ಕಾರ್ಡಿನಂತೆಯೇ ವರ್ತಿಸುತ್ತದೆ. ಗಡುವು ದಾಟಿ ಮೂವತ್ತು ದಿನಗಳಾದರೆ ಅದು ರಿಪೋರ್ಟಿಗೆ ಹೋಗುತ್ತದೆ, ಹಾಗೂ ಶೇ. 35ರ ಭಾಗಕ್ಕೆ ಬೀಳುವ ಆ ಹೊಡೆತದ ಮುಂದೆ ಯುಟಿಲೈಸೇಶನ್ನಿನ ಚರ್ಚೆಯೆಲ್ಲ ಚಿಲ್ಲರೆ. ಅರ್ಜಿ ಹಾಕಿದಾಗ ಸಂಸ್ಥೆಯು ನಮ್ಮ ರಿಪೋರ್ಟನ್ನು ತರಿಸಿ ನೋಡಿದ್ದರ ದಾಖಲೆಯು ರಿಪೋರ್ಟಿನಲ್ಲಿ ಎರಡು ವರ್ಷ ಇರುತ್ತದೆಯಾದರೂ ಫೈಕೋ ಅದನ್ನು ಲೆಕ್ಕಕ್ಕೆ ಹಿಡಿಯುವುದು ಮೊದಲ ಹನ್ನೆರಡು ತಿಂಗಳು ಮಾತ್ರ. ಕಾರ್ಡಿನ ಮೇಲೆ ಅಚ್ಚಾಗುವ ‘ಮೆಂಬರ್ ಸಿನ್ಸ್’ ವರ್ಷವನ್ನು, ಅಂದರೆ ಈ ಸಂಸ್ಥೆಯ ಮೊದಲ ಕಾರ್ಡು ಪಡೆದ ವರ್ಷವನ್ನು ನೋಡಿ ತಮ್ಮ ಹೊಸ ಖಾತೆಗೂ ಅಷ್ಟೇ ವಯಸ್ಸಾಗಿದೆಯೆಂದು ಭಾವಿಸುವವರಿದ್ದಾರೆ. 2015ಕ್ಕೆ ಮೊದಲು ಅಮೆರಿಕನ್ ಎಕ್ಸ್‌ಪ್ರೆಸ್ ಹೊಸ ಕಾರ್ಡುಗಳನ್ನು ಆ ಹಳೆಯ ವರ್ಷದಿಂದಲೇ ತೆರೆದಂತೆ ವರದಿ ಮಾಡುತ್ತಿದ್ದುದು ನಿಜ. ಈಗ ಹಾಗಿಲ್ಲ, ಅದೊಂದು ಅಲಂಕಾರ ಮಾತ್ರ. ಮನೆಯವರನ್ನು ಹೆಚ್ಚುವರಿ ಬಳಕೆದಾರರಾಗಿ ಸೇರಿಸಿದರೆ ಖಾತೆಯು ಅವರ ರಿಪೋರ್ಟಿನಲ್ಲೂ ಕಾಣಿಸಿಕೊಳ್ಳುವುದರಿಂದ, ನೀವು ಗಡುವು ತಪ್ಪಿದರೆ ಅವರೂ ಅದರ ಫಲವನ್ನು ಉಣ್ಣಬೇಕಾದೀತು.

ಬೆಂಗಳೂರಿನಿಂದ ಈಗಷ್ಟೇ ಬಂದವರಿಗೆ ಒಂದು ಮಾತು. ಭಾರತದಲ್ಲಿ 300ರಿಂದ 900ರವರೆಗಿನ ಸಿಬಿಲ್ ಸ್ಕೋರು ಎಷ್ಟೇ ಚೆನ್ನಾಗಿದ್ದರೂ ಅದು ವಿಮಾನ ಹತ್ತುವುದಿಲ್ಲ. ಇಲ್ಲಿ ನಿಮ್ಮ ಹಾಳೆ ಖಾಲಿಯಿಂದಲೇ ಆರಂಭ. ಆದರೆ ಅಮೆರಿಕನ್ ಎಕ್ಸ್‌ಪ್ರೆಸ್ 2019ರಿಂದ ನೋವಾ ಕ್ರೆಡಿಟ್ ಎಂಬ ಸಂಸ್ಥೆಯ ಮೂಲಕ ಭಾರತದ ಕ್ರೆಡಿಟ್ ಇತಿಹಾಸವನ್ನು ಅರ್ಜಿಯ ವೇಳೆ ಪರಿಶೀಲಿಸಲು ಅವಕಾಶ ಕೊಟ್ಟಿದೆ, ಅಲ್ಲಿ ಇದೇ ಸಂಸ್ಥೆಯ ಕಾರ್ಡು ಹೊಂದಿದ್ದವರಿಗೆ ಸದಸ್ಯತ್ವವನ್ನು ಬೇರೆ ದೇಶಕ್ಕೆ ವರ್ಗಾಯಿಸಿಕೊಳ್ಳುವ ದಾರಿಯೂ ಇದೆ. ಹೊಸಬರಿಗೆ ಬೇರೆ ಬ್ಯಾಂಕುಗಳು ಐನೂರು ಡಾಲರ್ ಠೇವಣಿ ಇಡಿ ಎನ್ನುವ ಸ್ಥಿತಿಯಲ್ಲಿ ಇದು ದೊಡ್ಡ ಅನುಕೂಲವೇ. ಕಾರ್ಡು ದೊರೆತ ಮರುದಿನವೇ ಫೈಕೋ ಸ್ಕೋರು ಬರುವುದಿಲ್ಲ. ಕನಿಷ್ಠ ಒಂದು ಖಾತೆಗೆ ಆರು ತಿಂಗಳು ತುಂಬಿರಬೇಕು. ಚಾರ್ಜ್ ಕಾರ್ಡಿನ ಖಾತೆಯೂ ಆ ಲೆಕ್ಕಕ್ಕೆ ಸಲ್ಲುತ್ತದೆ.

ಸ್ಕೋರನ್ನು ಬದಿಗಿಟ್ಟು ಕಾರ್ಡನ್ನೇ ತೂಗಿದರೆ, 2024ರಲ್ಲಿ 250ರಿಂದ 325 ಡಾಲರಿಗೆ ಏರಿದ ವಾರ್ಷಿಕ ಶುಲ್ಕವು ಎಲ್ಲರಿಗೂ ಗಿಟ್ಟುವಂಥದ್ದಲ್ಲ. ಊಟ-ತಿಂಡಿಯ ಹೋಟೆಲುಗಳಲ್ಲಿ ಮತ್ತು ಅಮೆರಿಕದ ಸೂಪರ್‌ಮಾರ್ಕೆಟ್ಟುಗಳಲ್ಲಿ ವಾರ್ಷಿಕ ಮಿತಿಯೊಂದರವರೆಗೆ ಡಾಲರಿಗೆ ನಾಲ್ಕು ಪಾಯಿಂಟು, ವಿಮಾನ ಕಂಪನಿಯಿಂದಲೇ ನೇರ ಕೊಂಡ ಟಿಕೆಟಿಗೆ ಮೂರು ಪಾಯಿಂಟು ಬರುವುದು ಒಳ್ಳೆಯ ಅಂಶ. ವಿದೇಶಿ ವಹಿವಾಟಿಗೆ ಪ್ರತ್ಯೇಕ ಶುಲ್ಕವಿಲ್ಲದಿರುವುದೂ ಹಾಗೆಯೇ. ಆದರೆ ನಮ್ಮವರು ಅಕ್ಕಿ ಮೂಟೆಯನ್ನೂ ಹಾಲಿನ ಕ್ಯಾನನ್ನೂ ಹೊತ್ತು ತರುವ ಕಾಸ್ಟ್‌ಕೋದಲ್ಲಿ 2016ರಿಂದ ಈ ಕಾರ್ಡು ನಡೆಯುವುದಿಲ್ಲ, ವಾಲ್‌ಮಾರ್ಟ್ ಮತ್ತು ಟಾರ್ಗೆಟ್ ಮಳಿಗೆಗಳು ಸೂಪರ್‌ಮಾರ್ಕೆಟ್ ಎಂಬ ವ್ಯಾಖ್ಯೆಗೆ ಸೇರುವುದಿಲ್ಲ. ಶುಲ್ಕವನ್ನು ಸರಿದೂಗಿಸುತ್ತದೆ ಎನ್ನಲಾಗುವ ಊಬರ್, ಡಂಕಿನ್ ಮುಂತಾದ ಕೊಡುಗೆಗಳನ್ನು ತಿಂಗಳಿಗೆ ಏಳು ಡಾಲರ್, ಹತ್ತು ಡಾಲರ್ ಎಂದು ಚೂರುಚೂರಾಗಿ ಹಂಚಿರುವುದರಿಂದ, ಕಾಫಿಗೆ ಮನೆಯ ಫಿಲ್ಟರನ್ನೇ ನಂಬಿರುವ ನನ್ನಂಥವರಿಗೆ ಅರ್ಧ ಕೈಗೆ ಬರುತ್ತದೆ, ಅರ್ಧ ನೆನಪಿನಿಂದ ಜಾರುತ್ತದೆ. ಹೋಟೆಲು ಮತ್ತು ದಿನಸಿಗೆ ತಿಂಗಳಿಗೆ ಸಾವಿರ ಡಾಲರಿಗೂ ಹೆಚ್ಚು ಖರ್ಚಿದ್ದು, ಬಿಲ್ಲನ್ನು ಪೂರ್ತಿ ಕಟ್ಟುವ ಅಭ್ಯಾಸವಿರುವವರಿಗೆ ಮಾತ್ರ ನಾನು ಇದನ್ನು ಶಿಫಾರಸು ಮಾಡುತ್ತೇನೆ. ಸ್ಕೋರು ಏರಿಸಿಕೊಳ್ಳುವುದೊಂದೇ ಉದ್ದೇಶವಾಗಿದ್ದರೆ ಶುಲ್ಕವಿಲ್ಲದ ಕಾರ್ಡೊಂದರ ಲಿಮಿಟ್ಟನ್ನು ಹೆಚ್ಚಿಸಿಕೊಳ್ಳುವುದು ಅಗ್ಗದ ದಾರಿ.

ನಾನಂತೂ ಕಾರ್ಡನ್ನು ಮುಚ್ಚಿಲ್ಲ. ಬಡ್ಡಿ ದರ ಇಳಿದರೆ ಮನೆ ಸಾಲವನ್ನು ಹೊಸದಾಗಿ ಮಾಡಿಸಿಕೊಳ್ಳುವ ಯೋಚನೆಯಿರುವುದರಿಂದ, ಬರುವ ಬೇಸಿಗೆಯ ಊರಿನ ಟಿಕೆಟುಗಳನ್ನು ಅರ್ಜಿ ಹಾಕುವುದಕ್ಕೆ ಮೂರು ತಿಂಗಳು ಮೊದಲೇ ಕೊಂಡು, ಆ ಬಿಲ್ಲನ್ನು ಸ್ಟೇಟ್‌ಮೆಂಟಿನ ದಿನಕ್ಕೆ ಮುಂಚೆಯೇ ತೀರಿಸಬೇಕೆಂದು ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿಟ್ಟಿದ್ದೇನೆ.